ಹುಲಿಗೆ ಕಟ್ಟಿದ ಕ್ಯಾಮೆರಾದಲ್ಲಿ ನಾವು ಸೆರೆಯಾದರೆ ಆ ಚಿತ್ರ ಎಲ್ಲಿಗೆ ಹೋಗುತ್ತದೆ?

ಕಾಲುದಾರಿ · ಭಾನುವಾರ, ರಾತ್ರಿ 9:12

ನಿನ್ನೆ ನಾವು ನಾಲ್ವರು ಅರಣ್ಯ ಇಲಾಖೆಯ ಅನುಮತಿ ಪಡೆದು ಚಾರಣಕ್ಕೆ ಹೋಗಿದ್ದೆವು. ಯಾವ ಬೆಟ್ಟ, ಯಾವ ವಲಯ ಎಂದು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಒಂದು ಕಚೇರಿಯ ಸುತ್ತ ಗಿರಕಿ ಹೊಡೆಯುತ್ತದೆ, ನನ್ನ ಪ್ರಶ್ನೆ ಕಳೆದುಹೋಗುತ್ತದೆ.

ಟಿಕೆಟ್ ಪಡೆಯುವಾಗಲೇ ಹೆಸರು, ವಯಸ್ಸು, ಗುರುತಿನ ಚೀಟಿ, ಮೊಬೈಲ್ ಸಂಖ್ಯೆ ಎಲ್ಲವನ್ನೂ ಕೊಟ್ಟಿದ್ದೆವು. ಗೇಟಿನಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿ ಬರೆದುಕೊಂಡರು. ಇದಾವುದಕ್ಕೂ ನನ್ನ ತಕರಾರಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದಿದ್ದ ಚಿತ್ರಗಳನ್ನು ನೋಡಿದವರು ಯಾರೂ ತಕರಾರು ಮಾಡಲಾರರು.

ಮಧ್ಯಾಹ್ನದ ಹೊತ್ತಿಗೆ ಇಂಬಳಗಳ ಕಾಟ ಹೆಚ್ಚಾಯಿತು. ಅವನ್ನು ಕಿತ್ತು ಬಟ್ಟೆ ಬದಲಿಸಿಕೊಂಡು ಬರುತ್ತೇನೆಂದು ನನ್ನ ಹೆಂಡತಿ ದಾರಿ ಬಿಟ್ಟು ಇಪ್ಪತ್ತು ಮೂವತ್ತು ಹೆಜ್ಜೆ ಒಳಗೆ, ಮರಗಳ ಮರೆಗೆ ಹೋದಳು. ಅಲ್ಲಿ ಪ್ರಾಣಿಗಳು ತುಳಿದು ಮಾಡಿದ ಕಿರುದಾರಿಯೊಂದು ಹಾದುಹೋಗಿತ್ತು. ಸ್ವಲ್ಪ ಹೊತ್ತಿಗೆ ಬಂದವಳ ಮುಖ ಇಳಿದುಹೋಗಿತ್ತು. ‘ಅಲ್ಲೊಂದು ಪೆಟ್ಟಿಗೆ ಇದೆ, ಬಂದು ನೋಡಿ’ ಎಂದಳು. ಹೋಗಿ ನೋಡಿದರೆ ಮರದ ಬುಡದಿಂದ ಮೊಣಕಾಲೆತ್ತರದಲ್ಲಿ ತೊಗಟೆಯ ಬಣ್ಣದ ಡಬ್ಬಿಯೊಂದನ್ನು ಪಟ್ಟಿ ಹಾಕಿ ಬಿಗಿದಿದ್ದರು. ನಡುವೆ ಗಾಜಿನ ಕಣ್ಣು, ಅದರ ಮೇಲೆ ಸಾಸಿವೆ ಕಾಳಿನಂಥ ದೀಪಗಳ ಸಾಲು, ಪಕ್ಕದಲ್ಲಿ ಚಿಕ್ಕ ಬೀಗ. ಮೇಲೆ ಬಿಳಿ ಬಣ್ಣದಲ್ಲಿ ಬರೆದ ಗುರುತು ಮಳೆಗೆ ಅರ್ಧ ಅಳಿಸಿತ್ತು. ನಾನೂ ಮೊಬೈಲ್ ತೆಗೆದು ಅದರ ಚಿತ್ರ ತೆಗೆದುಕೊಂಡೆ.

ಜೊತೆಗಿದ್ದ ವಾಚರ್ ಒಳ್ಳೆಯ ಮನುಷ್ಯ. ‘ಹುಲಿಗೆ ಕಟ್ಟಿದ್ದು ಸರ್, ಮನುಷ್ಯರ ಫೋಟೊ ಬಂದರೆ ಅಳಿಸಿಬಿಡುತ್ತಾರೆ’ ಎಂದ. ಯಾರು ಅಳಿಸುತ್ತಾರೆ ಎಂದೆ. ‘ಆಫೀಸಿನಲ್ಲಿ’ ಎಂದ. ಆಫೀಸಿನಲ್ಲಿ ಯಾರು ಎಂಬುದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಅದು ಅವನ ತಪ್ಪೂ ಅಲ್ಲ. ‘ಪುಣ್ಯಕ್ಕೆ ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ’ ಎಂದು ಹೆಂಡತಿ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನನ್ನ ಪ್ರಶ್ನೆ ಇಷ್ಟೇ. ಸರ್ಕಾರದ ಕಾಡಿನಲ್ಲಿ, ಸರ್ಕಾರವೇ ಅನುಮತಿ ಕೊಟ್ಟು ಒಳಗೆ ಬಿಟ್ಟ ಮನುಷ್ಯನ ಚಿತ್ರ ಸರ್ಕಾರದ ಕ್ಯಾಮೆರಾದಲ್ಲಿ ಬಿದ್ದರೆ ಅದು ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ? ಬಲ್ಲವರು ಹೇಳಿ.

ಮೂಕಪ್ರಾಣಿ_ಪರ · ಭಾನುವಾರ, ರಾತ್ರಿ 9:40

ಕಾಡು ಯಾರ ಬಚ್ಚಲುಮನೆಯೂ ಅಲ್ಲ. ದಾರಿ ಬಿಟ್ಟು ಇಳಿದದ್ದು ಮೊದಲ ತಪ್ಪು. ದಾರಿ ಬಿಡಬೇಡಿ ಎಂದು ಅನುಮತಿ ಪತ್ರದಲ್ಲೇ ಬರೆದಿರುತ್ತದೆ. ಆ ಕ್ಯಾಮೆರಾ ಹುಲಿಗಾಗಿ ಇದೆ, ಕಳ್ಳಬೇಟೆಗಾರರಿಗಾಗಿ ಇದೆ. ತಪ್ಪು ಮಾಡದವರಿಗೆ ಭಯವೇಕೆ?

ಸೀಗೆಮೆಳೆ · ಭಾನುವಾರ, ರಾತ್ರಿ 9:58

ಸ್ವಾಮಿ, ಎಂಟು ಗಂಟೆ ನಡೆಯುವ ದಾರಿಯಲ್ಲಿ ಒಂದೇ ಒಂದು ಶೌಚಾಲಯ ಇಲ್ಲ. ದಾರಿಯ ನಡುವೆಯೇ ಕೂರಬೇಕೆ? ಗಂಡಸರಿಗೆ ಬರುವ ಪ್ರಶ್ನೆ ಇದಲ್ಲ, ಆದ್ದರಿಂದ ಉತ್ತರವೂ ಇಷ್ಟು ಸಲೀಸಾಗಿ ಬರುತ್ತದೆ.

ಪಟ್ಟೆ_ಎಣಿಸಿದವ · ಭಾನುವಾರ, ರಾತ್ರಿ 11:25

ನಾನು ಎರಡು ಹುಲಿ ಗಣತಿಗಳಲ್ಲಿ ಸ್ವಯಂಸೇವಕನಾಗಿದ್ದವನು. ಗೊತ್ತಿರುವುದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದು ಹೊಸದಲ್ಲ. 1920ರ ದಶಕದಲ್ಲೇ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಶಿವಾಲಿಕ್ ಕಾಡಿನಲ್ಲಿ ದಾರಿಗೆ ತಂತಿ ಕಟ್ಟಿ, ಹುಲಿ ಅದನ್ನು ಎಡವಿದಾಗ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದರು. ಅದನ್ನು ಎಣಿಕೆಯ ವಿಜ್ಞಾನವಾಗಿ ಮಾಡಿದ್ದು ನಮ್ಮ ನಾಗರಹೊಳೆಯಲ್ಲಿ. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಇಲ್ಲ. ಆ ಗುರುತು ಹಿಡಿದು ಲೆಕ್ಕ ಹಾಕುವ ಕ್ರಮವನ್ನು ಉಲ್ಲಾಸ ಕಾರಂತರು 1990ರ ದಶಕದಲ್ಲಿ ಅಲ್ಲಿ ಬಳಸಿ ತೋರಿಸಿದರು. ಇಲಾಖೆ ಮಾತ್ರ ಅದಾಗಿ ಎಷ್ಟೋ ವರ್ಷ ಹೆಜ್ಜೆ ಗುರುತಿನ ಅಚ್ಚು ತೆಗೆದೇ ಹುಲಿ ಎಣಿಸುತ್ತಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ ಎಂಬುದು 2005ರಲ್ಲಿ ಬಯಲಾದ ಮೇಲೆ ಆ ಕ್ರಮ ಮೂಲೆ ಸೇರಿತು. 2006ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು, ನಾಲ್ಕು ವರ್ಷಕ್ಕೊಮ್ಮೆ ದೇಶದ ಗಣತಿ ಶುರುವಾಯಿತು. ಹಾಗಾಗಿ ಕ್ಯಾಮೆರಾ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಈಗ ಯಂತ್ರದ ವಿಷಯ. ಅದರೊಳಗಿನ ಸೆನ್ಸರ್‌ಗೆ ಹುಲಿ ಗೊತ್ತಿಲ್ಲ, ಮನುಷ್ಯ ಗೊತ್ತಿಲ್ಲ. ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯ ಏನೋ ಒಂದು ಎದುರಿಗೆ ಅಲುಗಿತು, ಅಷ್ಟೇ ಗೊತ್ತು, ಕ್ಲಿಕ್ಕಿಸುತ್ತದೆ. ಕ್ಯಾಮೆರಾ ಕಟ್ಟಿದ ಮೇಲೆ ಎತ್ತರ ಸರಿಯಿದೆಯೇ ಎಂದು ನೋಡಲು ನಮ್ಮಲ್ಲೊಬ್ಬರು ಅದರ ಮುಂದೆ ಮೊಣಕಾಲೂರಿ ಹುಲಿಯ ಹಾಗೆ ಅಂಬೆಗಾಲಿಡಬೇಕು. ಪ್ರತಿ ಮೆಮೊರಿ ಕಾರ್ಡಿನ ಮೊದಲ ಚಿತ್ರಗಳಲ್ಲಿ ನಮ್ಮವೇ ಬೆವರಿದ ಮುಖಗಳು. ನಂತರ ಜಾಗದ ಗುರುತು, ತಾರೀಕು ಬರೆದ ಹಲಗೆಯ ಚಿತ್ರ. ಹುಲಿಯ ಎಡಮೈಯ ಪಟ್ಟೆ ಬೇರೆ, ಬಲಮೈಯದು ಬೇರೆ. ಅದಕ್ಕಾಗಿ ಗಣತಿಯಲ್ಲಿ ದಾರಿಯ ಎರಡೂ ಬದಿಗೆ ಒಂದೊಂದು ಕಟ್ಟುತ್ತೇವೆ. ಗಸ್ತಿನವರು ಕಳ್ಳರನ್ನು ಹಿಡಿಯಲು ಕಟ್ಟುವುದಾದರೆ ಒಂಟಿ ಕ್ಯಾಮೆರಾ ಸಾಕು, ಅದನ್ನು ಇನ್ನೂ ಎತ್ತರದಲ್ಲಿ ಬಚ್ಚಿಟ್ಟು ಕಟ್ಟುತ್ತಾರೆ.

ಒಂದು ಲೆಕ್ಕ ನೋಡಿ. 2018ರ ಗಣತಿಯಲ್ಲಿ ದೇಶದಾದ್ಯಂತ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು 3,48,58,623. ಅದರಲ್ಲಿ ಹುಲಿ 76,651, ಚಿರತೆ 51,777. ಅಂದರೆ ಸಾವಿರ ಚಿತ್ರಕ್ಕೆ ಹುಲಿ ಎರಡು. ಮಿಕ್ಕದ್ದು ಜಿಂಕೆ, ಕಡವೆ, ಆನೆ, ಹಂದಿ, ದನ, ಗಾಳಿಗೆ ಅಲುಗಿದ ಎಲೆ, ಮತ್ತು ನಾವು. 2022ರಲ್ಲಿ ಜಾಗಗಳು 32,588ಕ್ಕೆ ಏರಿದವು, ಚಿತ್ರಗಳು ನಾಲ್ಕು ಕೋಟಿ ಎಪ್ಪತ್ತು ಲಕ್ಷ ದಾಟಿದವು.

ಇಷ್ಟನ್ನು ಕಣ್ಣಿನಿಂದ ನೋಡಿ ಬೇರ್ಪಡಿಸಲು ಆಗದು. ತಂತ್ರಾಂಶ ಬೇರ್ಪಡಿಸುತ್ತದೆ: ಹುಲಿಯದು ಒಂದು ಫೋಲ್ಡರ್, ಚಿರತೆಯದು ಒಂದು, ಕೊನೆಗೆ ‘ಹ್ಯೂಮನ್’ ಎಂದು ಒಂದು. ಅದನ್ನು ಅಳಿಸಿದ್ದನ್ನು ನಾನು ನೋಡಲಿಲ್ಲ. ಅಳಿಸಿ ಎಂದು ಯಾರೂ ನಮಗೆ ಹೇಳಲಿಲ್ಲ. ಇಬ್ಬರು ಹುಡುಗರು ಅದನ್ನು ತೆರೆದು ನಗುತ್ತಿದ್ದುದನ್ನು ಒಮ್ಮೆ ನೋಡಿದ್ದೇನೆ. ಮುದುಕನೊಬ್ಬ ಕ್ಯಾಮೆರಾದ ಎದುರು ನಿಂತು ಟವಲ್ ಕಟ್ಟಿಕೊಳ್ಳುತ್ತಿದ್ದ ಚಿತ್ರ. ನಾನೂ ನಕ್ಕೆ. ಈಗ ಬರೆಯುವಾಗ ಮುಜುಗರವಾಗುತ್ತಿದೆ.

ಬೆಟ್ಟದ_ಹುಚ್ಚು · ಸೋಮವಾರ, ಬೆಳಿಗ್ಗೆ 6:50

ಅಂಬೆಗಾಲಿಟ್ಟು ಹುಲಿಯ ಪಾತ್ರ ಮಾಡುವ ಸುದ್ದಿ ಗೊತ್ತೇ ಇರಲಿಲ್ಲ! ಯಕ್ಷಗಾನದವರನ್ನು ಕರೆದೊಯ್ಯಬೇಕು.

ಹಾಡಿ_ಅಂಚು · ಸೋಮವಾರ, ಬೆಳಿಗ್ಗೆ 8:05

ಚಾರಣಿಗರಾದ ನೀವು ವರ್ಷಕ್ಕೆ ಎರಡು ಸಲ ಕಾಡಿಗೆ ಬರುತ್ತೀರಿ. ನಮ್ಮ ಮನೆಯ ಹಿತ್ತಿಲು ಮುಗಿದಲ್ಲಿ ಕಾಡು ಶುರು. ದನ ತಪ್ಪಿಸಿಕೊಂಡರೆ, ಸೌದೆ ಬೇಕಾದರೆ, ಸೀಗೆಕಾಯಿಗೆ, ಜೇನಿಗೆ ಎಲ್ಲದಕ್ಕೂ ಅದೇ ದಾರಿ. ನಮ್ಮ ಚಿತ್ರ ವರ್ಷಕ್ಕೆ ಎಷ್ಟು ಸಲ ಬೀಳುತ್ತದೆ ಎಂದು ಲೆಕ್ಕವೇ ಇಲ್ಲ.

ನಿಮ್ಮ ಚಿತ್ರ ಬಿದ್ದರೆ ನಿಮಗೆ ನಾಚಿಕೆ. ನಮ್ಮ ಚಿತ್ರ ಬಿದ್ದರೆ ನಮ್ಮ ಮೇಲೆ ಕೇಸು. ನನ್ನ ಚಿಕ್ಕಪ್ಪ ಕೈಯಲ್ಲಿ ಕತ್ತಿ ಹಿಡಿದು ಕಳೆದುಹೋದ ಎಮ್ಮೆ ಹುಡುಕಲು ಹೋಗಿದ್ದರು. ಹದಿನೈದು ದಿನದ ಮೇಲೆ ಕರೆಸಿ ಚಿತ್ರ ತೋರಿಸಿ ‘ಇಲ್ಲಿಗೇಕೆ ಹೋಗಿದ್ದೆ’ ಎಂದರು. ಎಮ್ಮೆ ಚಿತ್ರದಲ್ಲಿ ಇರಲಿಲ್ಲವಲ್ಲ! ಅದು ಸಿಕ್ಕಿದ್ದರೆ ಅವರು ಅಲ್ಲಿಗೇಕೆ ಹೋಗುತ್ತಿದ್ದರು? ಬರೆದುಕೊಟ್ಟು, ಹೆಬ್ಬೆಟ್ಟು ಒತ್ತಿ ಬಂದರು. ಅಂದಿನಿಂದ ಅವರು ಆ ದಾರಿ ತುಳಿದಿಲ್ಲ.

ಮೂಕಪ್ರಾಣಿ_ಪರ · ಸೋಮವಾರ, ಬೆಳಿಗ್ಗೆ 9:30

ನಿಮ್ಮ ಚಿಕ್ಕಪ್ಪನವರ ವಿಷಯ ಬೇಸರವೇ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷದ ಮಾಂಸ ತಿಂದು ಸತ್ತವು. ಐದು ಹೆಣ. ಆ ದಿನ ನಾವೆಲ್ಲರೂ ‘ಇಲಾಖೆ ಏನು ಮಾಡುತ್ತಿತ್ತು’ ಎಂದು ಕೇಳಿದೆವು. ಕ್ಯಾಮೆರಾ ಇಟ್ಟರೆ ‘ಏಕೆ ಇಟ್ಟಿರಿ’, ಇಡದಿದ್ದರೆ ‘ಏಕೆ ಇಡಲಿಲ್ಲ’. ಫಾರೆಸ್ಟಿನವರು ಯಾವ ಕಡೆ ತಿರುಗಬೇಕು?

ಸೀಗೆಮೆಳೆ · ಸೋಮವಾರ, ಬೆಳಿಗ್ಗೆ 10:15

ಇದು ನ್ಯಾಯವಾದ ಮಾತು, ಒಪ್ಪುತ್ತೇನೆ. ನಿನ್ನೆಯ ಮಾತಿಗಿಂತ ಎಷ್ಟೋ ವಾಸಿ.

ಆದರೆ ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಏನಾಯಿತು ಎಂಬುದನ್ನೂ ತಿಳಿದುಕೊಳ್ಳಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಹದಿನಾಲ್ಕು ತಿಂಗಳು ಇದ್ದು 270 ಜನರನ್ನು ಮಾತನಾಡಿಸಿ 2024ರ ನವೆಂಬರ್‌ನಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿದ್ದ ಒಂದು ಸಂಗತಿ: ಬಹಿರ್ದೆಸೆಗೆ ಹೋದ ಹೆಂಗಸೊಬ್ಬಳ ಚಿತ್ರ ಪ್ರಾಣಿಗಳಿಗಾಗಿ ಕಟ್ಟಿದ್ದ ಕ್ಯಾಮೆರಾದಲ್ಲಿ ಬಿತ್ತು, ತಾತ್ಕಾಲಿಕವಾಗಿ ಕೆಲಸಕ್ಕಿದ್ದ ಹುಡುಗರ ಕೈಯಿಂದ ಊರಿನ ಮೊಬೈಲ್ ಗುಂಪುಗಳಿಗೆ ಹರಿದುಹೋಯಿತು. ಊರಿನವರು ಸಿಟ್ಟಿಗೆದ್ದು ಸುತ್ತಲಿನ ಕ್ಯಾಮೆರಾಗಳನ್ನು ಒಡೆದುಹಾಕಿದರು. ಹುಲಿಗಾದರೂ ಇದರಿಂದ ಏನು ಉಪಕಾರವಾಯಿತು?

ನನಗೆ ಇನ್ನೂ ಹೆಚ್ಚು ಕಾಡಿದ್ದು ಬೇರೊಂದು. ಅಲ್ಲಿನ ಹೆಂಗಸರು ಸೌದೆಗೆ ಹೋಗುವಾಗ ಗುಂಪಾಗಿ ಗಟ್ಟಿಯಾಗಿ ಹಾಡುತ್ತಾರೆ. ಹಾಡು ಕೇಳಿ ಹುಲಿ, ಆನೆ ದೂರ ಸರಿಯಲಿ ಎಂದು. ಕ್ಯಾಮೆರಾ ಬಂದ ಮೇಲೆ, ಯಾರೋ ನೋಡುತ್ತಿದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅಳುಕಿಗೆ ದನಿ ತಗ್ಗಿತು. ಕ್ಯಾಮೆರಾ ಇರುವ ದಾರಿ ಬಿಟ್ಟು ಪರಿಚಯವಿಲ್ಲದ ಕಡೆ ಹೋಗತೊಡಗಿದರು. ಸಂಶೋಧಕರೊಡನೆ ಮಾತನಾಡಿದ್ದ ಒಬ್ಬಾಕೆ ಮುಂದೆ ಹುಲಿಯ ಬಾಯಿಗೆ ಸಿಕ್ಕಿ ಸತ್ತರು. ಕ್ಯಾಮೆರಾದಿಂದಲೇ ಸತ್ತರು ಎಂದು ನಾನು ಹೇಳುತ್ತಿಲ್ಲ. ಆದರೆ ಹಾಡು ನಿಂತ ಕಾಡಿನಲ್ಲಿ ಹುಲಿಗೂ ಮನುಷ್ಯರ ಸುಳಿವು ತಡವಾಗಿ ಸಿಗುತ್ತದೆ.

ಹಾಡಿ_ಅಂಚು · ಸೋಮವಾರ, ಬೆಳಿಗ್ಗೆ 10:40

ಹಾಡುವುದು ನಿಜ. ನಮ್ಮಲ್ಲಿ ಕೂ ಹಾಕುತ್ತಾರೆ. ನನ್ನ ಅಜ್ಜಿ ಕಾಡಿನೊಳಗೆ ಹೋದರೆ ಬಾಯಿ ಮುಚ್ಚಿದ್ದೇ ಇಲ್ಲ, ದೇವರನ್ನೂ ಸೊಸೆಯನ್ನೂ ಒಟ್ಟಿಗೆ ಬೈಯುತ್ತಾ ಹೋಗುತ್ತಿದ್ದರು.

ಬೆಟ್ಟದ_ಹುಚ್ಚು · ಸೋಮವಾರ, ಮಧ್ಯಾಹ್ನ 1:20

ಇದು ನಮ್ಮ ದೇಶದ ಗೋಳು ಮಾತ್ರವಲ್ಲ. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಫ್ರಾನ್ಸಿಸ್ ಮೇರಿಯನ್ ಎಂಬ ರಾಷ್ಟ್ರೀಯ ಅರಣ್ಯವಿದೆ. ಸುಮಾರು ಒಂದೂವರೆ ದಶಕದ ಹಿಂದೆ ಅಲ್ಲಿ ಮಗಳೊಂದಿಗೆ ಡೇರೆ ಹಾಕಿದ್ದ ಒಬ್ಬ ಮನುಷ್ಯ ಸೌದೆ ಹುಡುಕುವಾಗ ತಂತಿಯೊಂದನ್ನು ಕಂಡ. ಎಳೆದರೆ ಬಚ್ಚಿಟ್ಟ ಕ್ಯಾಮೆರಾ. ಮನೆಗೆ ತಂದು ‘ಇದು ಯಾರದ್ದು’ ಎಂದು ವಿಚಾರಿಸಿದ್ದಕ್ಕೆ ಅರಣ್ಯ ಸೇವೆಯವರು ‘ನಮ್ಮದು, ತಂದುಕೊಡಿ’ ಎಂದು ಗದರಿಸಿದರಂತೆ. ಅಲ್ಲಿನ ಸುಪ್ರೀಂ ಕೋರ್ಟು ‘ತೆರೆದ ಬಯಲಿನಲ್ಲಿ ಖಾಸಗಿತನದ ರಕ್ಷಣೆ ಇಲ್ಲ’ ಎಂದು 1924ರಲ್ಲೇ ಹೇಳಿದೆ, 1984ರಲ್ಲಿ ಅದನ್ನೇ ಗಟ್ಟಿ ಮಾಡಿತು. ಡೇರೆಯ ಒಳಗೆ ಮಾತ್ರ ಬೇರೆ ಲೆಕ್ಕ ಎಂದು ಕೆಲವು ಕೆಳ ನ್ಯಾಯಾಲಯಗಳು ಒಪ್ಪಿವೆ.

ಆಸ್ಟ್ರಿಯಾದಲ್ಲಿ 2012ರಲ್ಲಿ ಬೇಟೆಗಾರರು ಕಟ್ಟಿದ್ದ ಕ್ಯಾಮೆರಾದಲ್ಲಿ ಒಬ್ಬ ರಾಜಕಾರಣಿಯ ಪ್ರಣಯ ಪ್ರಸಂಗ ಸೆರೆಯಾಗಿ ಗುಲ್ಲೆದ್ದಿತ್ತು. ದೊಡ್ಡವರದ್ದು ಬಿದ್ದಾಗ ಮಾತ್ರ ಎಲ್ಲರಿಗೂ ಖಾಸಗಿತನ ನೆನಪಾಗುತ್ತದೆ.

ನಿರ್ವಾಹಕ · ಸೋಮವಾರ, ಮಧ್ಯಾಹ್ನ 2:05

ಕ್ಯಾಮೆರಾ ಇರುವ ಜಾಗಗಳ ವಿವರ ಮತ್ತು ನಕ್ಷೆ ಹಾಕಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ಓದುವವರೆಲ್ಲರದ್ದೂ ಹಾಗಿರುವುದಿಲ್ಲ.

ಕಪ್ಪುಕೋಟು · ಸೋಮವಾರ, ರಾತ್ರಿ 8:45

ಅಮೆರಿಕದ ಬಯಲಿನ ನ್ಯಾಯ ಇಲ್ಲಿಗೆ ತರಬೇಡಿ. ನಮ್ಮದು ಬೇರೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಪ್ರಕಾರ ಖಾಸಗಿತನ ಇರುವುದು ಜಾಗಕ್ಕಲ್ಲ, ವ್ಯಕ್ತಿಗೆ. ಸಾರ್ವಜನಿಕ ಜಾಗಕ್ಕೆ ಕಾಲಿಟ್ಟ ಮಾತ್ರಕ್ಕೆ ಅದನ್ನು ಗೇಟಿನಲ್ಲಿ ಬಿಟ್ಟು ಬಂದಂತಾಗುವುದಿಲ್ಲ. ಸರ್ಕಾರ ಅದಕ್ಕೆ ಕೈಹಾಕಬಹುದು. ಆದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಮಾಡುವುದು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಹುಲಿ ಎಣಿಸುವುದು ನ್ಯಾಯವಾದ ಉದ್ದೇಶವೇ. ಎಣಿಸಿ ಮುಗಿದ ಮೇಲೂ ಕಾಲುದಾರಿಯವರ ಮನೆಯವರ ಚಿತ್ರ ಇಟ್ಟುಕೊಳ್ಳುವುದಕ್ಕೆ ಯಾವ ಉದ್ದೇಶ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಕಲಮು ಅಭಯಾರಣ್ಯಕ್ಕೆ ಯಾರು ಪ್ರವೇಶಿಸಬಹುದು ಎಂದು ಹೇಳುತ್ತದೆ, 28ನೇ ಕಲಮು ಪ್ರವಾಸಕ್ಕೆ, ಛಾಯಾಗ್ರಹಣಕ್ಕೆ, ಸಂಶೋಧನೆಗೆ ಅನುಮತಿ ಕೊಡಬಹುದು ಎನ್ನುತ್ತದೆ. ನೀವು ಅನುಮತಿ ಪಡೆದು ಹೋದವರು. ದಾರಿ ಬಿಟ್ಟಿದ್ದಕ್ಕೆ ಷರತ್ತು ಮುರಿದಿರಿ ಎಂದು ದಂಡ ಹಾಕಬಹುದು. ಅದಕ್ಕೂ ಚಿತ್ರ ಹಂಚುವುದಕ್ಕೂ ಸಂಬಂಧವಿಲ್ಲ. ಮರೆಯಲ್ಲಿರುವ ಹೆಂಗಸಿನ ಚಿತ್ರವನ್ನು ಗೊತ್ತಿದ್ದೂ ತೆಗೆದು ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಎರಡೂ ಬರುತ್ತವೆ. ಯಂತ್ರ ತಾನಾಗಿ ತೆಗೆದದ್ದು ಅಪರಾಧವಲ್ಲ, ಮನುಷ್ಯ ಅದನ್ನು ಮುಂದಕ್ಕೆ ಕಳಿಸಿದ್ದು ಅಪರಾಧ.

ಇನ್ನು 2023ರ ದತ್ತಾಂಶ ರಕ್ಷಣಾ ಕಾಯ್ದೆ. ಇದು ಹಂತ ಹಂತವಾಗಿ ಜಾರಿಗೆ ಬರುವಂಥದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸರ್ಕಾರಕ್ಕೆ ಅದರಲ್ಲಿ ನುಸುಳಲು ಬೇಕಾದಷ್ಟು ಕಿಂಡಿಗಳಿವೆ. ಆದರೆ ಒಂದು ಕಿಂಡಿ ನೋಡುವಂತಿದೆ. ಸಂಶೋಧನೆಗೆ, ಅಂಕಿಅಂಶಕ್ಕೆ ಬಳಸುವ ದತ್ತಾಂಶಕ್ಕೆ ವಿನಾಯಿತಿ ಇದೆ; ಷರತ್ತು ಏನೆಂದರೆ ಅದನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಬಳಸಬಾರದು. ಹುಲಿ ಗಣತಿ ಈ ವಿನಾಯಿತಿಯೊಳಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅದೇ ಕಾರ್ಡಿನ ಚಿತ್ರ ತೋರಿಸಿ ಹಾಡಿ_ಅಂಚು ಅವರ ಚಿಕ್ಕಪ್ಪನವರನ್ನು ಕರೆಸಿದ ಗಳಿಗೆಯಲ್ಲಿ ಆ ವಿನಾಯಿತಿ ಕಳಚಿ ಬೀಳುತ್ತದೆ ಎಂಬುದು ನನ್ನ ವಾದ. ಎಣಿಸಲು ಇಟ್ಟ ಕಣ್ಣು ಕಾವಲಿಗೆ, ಕಾವಲಿಗೆ ಇಟ್ಟ ಕಣ್ಣು ವಿಚಾರಣೆಗೆ. ಇಂಥ ಜಾರುವಿಕೆಯನ್ನೇ ನ್ಯಾಯಾಲಯದ ಮುಂದೆ ಇಡಬೇಕಾದದ್ದು.

ಬೀಟ್_ಮನೆ_ಮಗಳು · ಮಂಗಳವಾರ, ಬೆಳಿಗ್ಗೆ 7:30

ನನ್ನ ಅಪ್ಪ ಮೂವತ್ತು ವರ್ಷ ಗಾರ್ಡ್ ಆಗಿದ್ದವರು. ನಿನ್ನೆ ರಾತ್ರಿ ಇದೆಲ್ಲವನ್ನೂ ಅವರಿಗೆ ಓದಿ ಹೇಳಿದೆ. ಮೊದಲು ಸಿಟ್ಟು ಮಾಡಿಕೊಂಡರು, ಆಮೇಲೆ ಮಾತಾಡಿದರು. ಅವರ ಮಾತು ನನ್ನ ಭಾಷೆಯಲ್ಲಿ:

ಕ್ಯಾಮೆರಾ ಬರುವ ಮೊದಲು ಕಳ್ಳರ ಸುಳಿವು ಸಿಗುತ್ತಿದ್ದುದು ಊರಿನವರಿಂದ. ಹೊಸಬರು ಬಂದು ಟೀ ಕುಡಿದು ಹೋದರು, ರಾತ್ರಿ ಟಾರ್ಚ್ ಕಂಡಿತು ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಹೇಳಬೇಕಾದರೆ ನಂಟು ಬೇಕು. ಅವರ ಮನೆಯ ಮದುವೆಗೆ ಹೋಗಬೇಕು, ಅವರ ಬೆಳೆಗೆ ಆನೆ ಬಂದಾಗ ಅರ್ಧರಾತ್ರಿ ಪಟಾಕಿ ಹಿಡಿದು ಓಡಬೇಕು. ಕ್ಯಾಮೆರಾ ಬಂದ ಮೇಲೆ ಹೊಸ ಹುಡುಗರು ಊರಿನ ಕಡೆ ಹೋಗುವುದು ಕಡಿಮೆಯಾಯಿತು. ಪೆಟ್ಟಿಗೆ ಎಲ್ಲ ಹೇಳುತ್ತದೆ ಎಂದುಕೊಂಡರು. ಪೆಟ್ಟಿಗೆ ಬಂದವನ ಬೆನ್ನು ತೋರಿಸುತ್ತದೆ, ಏಕೆ ಬಂದ ಎಂದು ಹೇಳುವುದಿಲ್ಲ.

ಇನ್ನೊಂದು ಮಾತು. ಗಾರ್ಡ್‌ಗಳ ಮೇಲೂ ಕಣ್ಣಿದೆ. ಗಸ್ತಿನ ಆ್ಯಪ್‌ನಲ್ಲಿ ಎಲ್ಲಿ ನಡೆದೆ, ಎಷ್ಟು ಹೊತ್ತು ನಿಂತೆ ಎಲ್ಲ ದಾಖಲಾಗುತ್ತದೆ. ಜ್ವರ ಬಂದು ಮರದಡಿ ಒಂದು ತಾಸು ಮಲಗಿದ್ದಕ್ಕೆ ಅಪ್ಪನ ಜೊತೆಯವರೊಬ್ಬರು ವಿವರಣೆ ಬರೆದುಕೊಡಬೇಕಾಯಿತು. ‘ನಾವು ಹುಲಿಯನ್ನು ನೋಡುತ್ತೇವೆ, ಸಾಹೇಬರು ನಮ್ಮನ್ನು ನೋಡುತ್ತಾರೆ, ಹುಲಿ ಮಾತ್ರ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂದು ನಕ್ಕರು.

ಪಟ್ಟೆ_ಎಣಿಸಿದವ · ಮಂಗಳವಾರ, ಬೆಳಿಗ್ಗೆ 9:10

ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಹೇಳಿದ್ದು ಹಳೆಯ ಬಗೆಯ ಕ್ಯಾಮೆರಾ. ಕಾರ್ಡ್ ತೆಗೆದು ಕಚೇರಿಗೆ ತರುವವರೆಗೆ ಚಿತ್ರ ಅದರೊಳಗೇ ಇರುತ್ತದೆ. ಈಗ ಚಿತ್ರ ತೆಗೆದ ಅರೆಗಳಿಗೆಯಲ್ಲಿ ಅಧಿಕಾರಿಯ ಮೊಬೈಲಿಗೆ ಕಳಿಸುವಂಥವು ಬಂದಿವೆ. ಅಂಥದ್ದೊಂದನ್ನು 2022ರಲ್ಲಿ ಕನ್ಹಾ–ಪೆಂಚ್ ನಡುವಿನ ಕಾಡಿನಲ್ಲಿ ಬಳಸಿ ನೋಡಿದರು. ಇದು ಹುಲಿಯೋ ಮನುಷ್ಯನೋ ಎಂದು ಪೆಟ್ಟಿಗೆಯೇ ತೀರ್ಮಾನಿಸುತ್ತದೆ. ಹುಲಿ ಊರಿನ ಕಡೆ ಬರುತ್ತಿದ್ದರೆ ಜನರಿಗೆ ಮುನ್ಸೂಚನೆ ಕೊಡಬಹುದು, ಅದು ದೊಡ್ಡ ಲಾಭ. ಆದರೆ ಗಮನಿಸಿ, ಮನುಷ್ಯನನ್ನು ಬೇರೆಯಾಗಿ ಗುರುತಿಸಲು ಬರುವ ಯಂತ್ರಕ್ಕೆ ಅವನ ಚಿತ್ರವನ್ನು ಮಸುಕು ಮಾಡಲು ಅಥವಾ ತಾನಾಗಿ ಅಳಿಸಲು ಹೇಳುವುದು ಕಷ್ಟದ ಕೆಲಸವೇನಲ್ಲ. ಹೇಳುವವರು ಬೇಕು.

ಮೂಕಪ್ರಾಣಿ_ಪರ · ಮಂಗಳವಾರ, ಮಧ್ಯಾಹ್ನ 12:40

ಎಲ್ಲರದ್ದನ್ನೂ ಅಳಿಸಿದರೆ ಕಳ್ಳನದ್ದೂ ಅಳಿಸಿ ಹೋಗುತ್ತದಲ್ಲ?

ಕಪ್ಪುಕೋಟು · ಮಂಗಳವಾರ, ಮಧ್ಯಾಹ್ನ 1:15

ಬಂದೂಕು, ಉರುಳು, ಕಡಿದ ಮರ ಕಂಡರೆ ಆ ಚಿತ್ರವನ್ನು ಪ್ರಕರಣದ ಕಡತಕ್ಕೆ ಸೇರಿಸಿ ಉಳಿಸಿಕೊಳ್ಳಲಿ. ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಮಿಕ್ಕದ್ದಕ್ಕೆ ಇಂತಿಷ್ಟು ದಿನ ಎಂದು ಗಡುವು ಹಾಕಿ, ಅಳಿಸಿದವರ ಸಹಿ ಒಂದು ಪುಸ್ತಕದಲ್ಲಿ ಇರಲಿ. ದಾರಿಯ ಶುರುವಿನಲ್ಲಿ ‘ಈ ಕಾಡಿನಲ್ಲಿ ಕ್ಯಾಮೆರಾಗಳಿವೆ’ ಎಂದು ಒಂದು ಫಲಕ. ಎಲ್ಲಿವೆ ಎಂದು ಹೇಳುವುದು ಬೇಡ, ಇವೆ ಎಂದರೆ ಸಾಕು. ಬಸ್ ನಿಲ್ದಾಣದಲ್ಲೂ ಅಷ್ಟು ಬರೆದಿರುತ್ತಾರೆ.

ಹಾಡಿ_ಅಂಚು · ಮಂಗಳವಾರ, ಮಧ್ಯಾಹ್ನ 1:50

ನಮಗೆ ಫಲಕ ಸಾಲದು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಕೊಟ್ಟರು, ಅದು ಹುಲಿ ಸಂರಕ್ಷಿತ ಪ್ರದೇಶ. ಜೇನು, ನೆಲ್ಲಿಕಾಯಿ ತರುವುದು ಹಕ್ಕು ಎಂದಾದ ಮೇಲೆ ಅದನ್ನು ತರಲು ಹೋಗುವ ಹೆಂಗಸರ ದಾರಿಯಲ್ಲಿ ಎಲ್ಲಿ ಕ್ಯಾಮೆರಾ ಕಟ್ಟುತ್ತೀರಿ ಎಂದು ಗ್ರಾಮಸಭೆಯಲ್ಲಿ ಮೊದಲೇ ಕೇಳಬೇಕು. ಯಾವ ಹಳ್ಳದ ದಂಡೆಗೆ ಹೆಂಗಸರು ಹೋಗುತ್ತಾರೆ ಎಂಬುದು ಕಚೇರಿಗೆ ಗೊತ್ತಿಲ್ಲ, ಊರಿಗೆ ಗೊತ್ತು. ಪೆಟ್ಟಿಗೆಯನ್ನು ಐವತ್ತು ಮಾರು ಆಚೆ ಕಟ್ಟಿದರೆ ಹುಲಿ ಬರುವುದಿಲ್ಲ ಎನ್ನುತ್ತದೆಯೇ?

ಪಟ್ಟೆ_ಎಣಿಸಿದವ · ಮಂಗಳವಾರ, ಮಧ್ಯಾಹ್ನ 2:30

ಹುಲಿ ಎನ್ನುವುದಿಲ್ಲ. ಐವತ್ತು ಮಾರು ಸರಿಸಿದರೆ ಎಣಿಕೆಗೆ ಏನೂ ಆಗುವುದಿಲ್ಲ.

ಕಾಲುದಾರಿ · ಮಂಗಳವಾರ, ರಾತ್ರಿ 10:00

ಎಲ್ಲರಿಗೂ ಧನ್ಯವಾದ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಎಂದಿದ್ದೇನೆ. ಹೇಗೆ ಕೇಳಬೇಕು?

ಕಪ್ಪುಕೋಟು · ಮಂಗಳವಾರ, ರಾತ್ರಿ 10:35

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಕ್ಯಾಮೆರಾ ಎಲ್ಲಿದೆ ಎಂದು ಕೇಳಬೇಡಿ, ಕೊಡುವುದಿಲ್ಲ, ಕೊಡಲೂಬಾರದು. ಮನುಷ್ಯರ ಚಿತ್ರಗಳ ಬಗ್ಗೆ ಯಾವುದಾದರೂ ಲಿಖಿತ ಆದೇಶ ಇದ್ದರೆ ಅದರ ಪ್ರತಿ ಕೇಳಿ. ಎಷ್ಟು ದಿನ ಇಡುತ್ತಾರೆ, ಯಾವ ಹುದ್ದೆಯವರು ಅಳಿಸುತ್ತಾರೆ, ಅಳಿಸಿದ ದಾಖಲೆ ಇದೆಯೇ ಎಂದು ಕೇಳಿ. ‘ಏಕೆ’ ಎಂಬ ಪದವನ್ನು ಎಲ್ಲೂ ಬಳಸಬೇಡಿ. ‘ಏಕೆ’ ಎಂದರೆ ಅದು ಮಾಹಿತಿ ಅಲ್ಲ, ಅಭಿಪ್ರಾಯ ಎಂದು ತಳ್ಳಿಹಾಕುತ್ತಾರೆ. ಮೂವತ್ತು ದಿನ ಕಾಯಿರಿ.

ಕಾಲುದಾರಿ · ಆರು ವಾರಗಳ ನಂತರ, ಶುಕ್ರವಾರ, ಸಂಜೆ 6:20

ಉತ್ತರ ಬಂದಿದೆ. ಒಂದೇ ಹಾಳೆ. ಲಿಖಿತ ಆದೇಶದ ಬಗ್ಗೆ: ‘ಮಾಹಿತಿ ಲಭ್ಯವಿರುವುದಿಲ್ಲ’. ಅಳಿಸಿದ ದಾಖಲೆಯ ಬಗ್ಗೆ: ‘ಮಾಹಿತಿ ಲಭ್ಯವಿರುವುದಿಲ್ಲ’. ಎಷ್ಟು ದಿನ ಎಂಬುದಕ್ಕೆ: ‘ಅಗತ್ಯವಿರುವವರೆಗೆ’.

ಅರ್ಜಿಯ ಜೊತೆಗೆ ನಮ್ಮ ಚಿತ್ರ ಇದ್ದರೆ ಅಳಿಸಿ ಎಂದು ಬೇರೆಯಾಗಿ ಒಂದು ಪತ್ರವನ್ನೂ ಬರೆದಿದ್ದೆ. ಅದಕ್ಕೆ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಸೌಜನ್ಯದಿಂದಲೇ ಮಾತನಾಡಿದರು. ‘ಕ್ಯಾಮೆರಾದ ಸಂಖ್ಯೆ ತಿಳಿಸಿ ಸರ್, ಹುಡುಕಿಸಿ ತೆಗೆಸುತ್ತೇನೆ’ ಎಂದರು. ಅಂದು ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದೆ. ಮೊದಲು 1 ಇದೆ. ಆಮೇಲಿನದ್ದು 4 ಇರಬಹುದು, 9 ಇರಬಹುದು. ಕೊನೆಯಲ್ಲಿ ‘ಬಿ’ ಎಂಬ ಇಂಗ್ಲಿಷ್ ಅಕ್ಷರ ಸ್ಪಷ್ಟವಾಗಿದೆ. 14ಬಿ, 19ಬಿ ಎರಡನ್ನೂ ಬರೆದು ಕಳಿಸುತ್ತಿದ್ದೇನೆ.

ಕಪ್ಪುಕೋಟು · ಶುಕ್ರವಾರ, ಸಂಜೆ 7:05

ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಆದೇಶವೇ ಇಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ, ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪಟ್ಟೆ_ಎಣಿಸಿದವ · ಶುಕ್ರವಾರ, ರಾತ್ರಿ 8:30

ಕಾಲುದಾರಿಯವರೇ, ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ‘ಬಿ’ ಎಂದಿದ್ದರೆ ಅದು ಗಣತಿಗೆ ಕಟ್ಟಿದ ಜೋಡಿಯಲ್ಲಿ ಎರಡನೆಯದು. ಕಿರುದಾರಿಯ ಆಚೆ ಬದಿಯ ಮರದಲ್ಲಿ, ಎದುರುಬದುರಾಗಿ, ‘ಎ’ ಇರುತ್ತದೆ. 14ಎ, 19ಎ ಕೂಡ ಬರೆಯಿರಿ.

ಕಾಲುದಾರಿ · ಶುಕ್ರವಾರ, ರಾತ್ರಿ 11:48

ಬರೆದೆ. ಹೆಂಡತಿಗೆ ಇನ್ನೂ ಹೇಳಿಲ್ಲ.